ಪುರಂಜನನ ಊರು ಎಲ್ಲಿದೆ?

ಕೇಳುಗರಿಗೆಲ್ಲ ನಮಸ್ಕಾರ. ನಿಮ್ಮಲ್ಲಿ ಬಹಳ ಜನ ಭಾರತ, ಭಾಗವತ ಓದಿರುತ್ತೀರಿ, ಇಲ್ಲವೇ ಹರಿಕಥೆಯಲ್ಲಿ ಕೇಳಿರುತ್ತೀರಿ. ನಾನು ಇವತ್ತು ಹೇಳುವುದು ಒಂದೇ ಮಾತು. ಪುರಾಣ ಓದುವಾಗ, 'ಇದು ನನ್ನೊಳಗೆ ಎಲ್ಲಿ ನಡೆಯುತ್ತಿದೆ?' ಅಂತ ಕೇಳಿಕೊಳ್ಳಿ.

ಇದು ಈಚಿನವರು ಹಚ್ಚಿದ ಅರ್ಥ ಅನ್ನುವವರಿದ್ದಾರೆ. ಅವರು ದಯವಿಟ್ಟು ಭಾಗವತದ 4ನೇ ಸ್ಕಂಧ ತೆಗೆದು ನೋಡಲಿ. ಪ್ರಾಚೀನಬರ್ಹಿ ಅಂತ ಒಬ್ಬ ರಾಜ. ಯಜ್ಞದ ಮೇಲೆ ಯಜ್ಞ ಮಾಡಿ ನೆಲದ ತುಂಬ ದರ್ಭೆ ಹಾಸಿದವನು. ನಾರದರು ಬಂದು ಅವನಿಗೊಂದು ಕಥೆ ಹೇಳುತ್ತಾರೆ.

ಪುರಂಜನನೆಂಬ ಅರಸ ಇರಲು ಜಾಗ ಹುಡುಕುತ್ತಾ ಅಲೆಯುತ್ತಾನೆ. ಒಂಬತ್ತು ಬಾಗಿಲಿನ ಊರೊಂದು ಸಿಗುತ್ತದೆ. ಪೂರ್ವಕ್ಕೇ ಐದು ಬಾಗಿಲು. ಅಲ್ಲೊಬ್ಬ ಚೆಲುವೆ, ಅವಳಿಗೆ ಐದು ಹೆಡೆಯ ಹಾವಿನ ಕಾವಲು. ಇವನು ಮರುಳಾಗಿ ಅಲ್ಲೇ ಉಳಿದುಬಿಡುತ್ತಾನೆ. ಅವಳು ನಕ್ಕರೆ ನಗು, ಅತ್ತರೆ ಅಳು. ಹಳೆಯ ಗೆಳೆಯನ ನೆನಪೇ ಇಲ್ಲ. ಆಗ ಚಂಡವೇಗ ಎಂಬುವನು 360 ಗಂಧರ್ವರು, ಅಷ್ಟೇ ಗಂಧರ್ವಿಯರ ದಂಡು ಕಟ್ಟಿಕೊಂಡು ಊರು ದೋಚಲು ಬರುತ್ತಾನೆ. ಪಾಪ, ಹಾವು ಒಂಟಿಯಾಗಿ ನೂರು ವರ್ಷ ಕಾದಾಡುತ್ತದೆ. ಕೊನೆಗೆ ಅದಕ್ಕೂ ಸಾಕಾಗುತ್ತದೆ, ಊರು ಬೀಳುತ್ತದೆ.

ಹೆಂಡತಿಯನ್ನೇ ನೆನೆಯುತ್ತಾ ಸತ್ತ ಪುರಂಜನ ಹೆಣ್ಣಾಗಿ ಹುಟ್ಟುತ್ತಾನೆ. ಮದುವೆಯಾಗಿ, ಒಂದು ದಿನ ಗಂಡನ ಚಿತೆಯ ಮುಂದೆ ಅಳುತ್ತಿರುವಾಗ ಒಬ್ಬ ಬ್ರಾಹ್ಮಣ ಬರುತ್ತಾನೆ. 'ನನ್ನ ಗುರುತು ಸಿಕ್ಕಿತೇ? ನಾವಿಬ್ಬರೂ ಮಾನಸ ಸರೋವರದ ಹಂಸಗಳು' ಅನ್ನುತ್ತಾನೆ. ಆ ಹಳೆಯ ಗೆಳೆಯ! ಈ ಜಾಗ ಬಂದಾಗಲೆಲ್ಲ ನನಗೆ ಗಂಟಲು ಕಟ್ಟುತ್ತದೆ.

ರಾಜನಿಗೆ ತಲೆಬುಡ ತಿಳಿಯಲಿಲ್ಲ. ಹಾಗಂತ ಹೇಳಿಯೂಬಿಟ್ಟ. ಆಗ ನಾರದರೇ ಒಂದೊಂದಾಗಿ ಬಿಡಿಸುತ್ತಾರೆ. ಊರು ಅಂದರೆ ಈ ದೇಹ. ಪೂರ್ವದ ಬಾಗಿಲುಗಳು ಎರಡು ಕಣ್ಣು, ಮೂಗಿನ ಎರಡು ಹೊಳ್ಳೆ, ಬಾಯಿ. ಚೆಲುವೆ ಬುದ್ಧಿ. ಹಾವು ಪ್ರಾಣ. ಚಂಡವೇಗ ವರ್ಷ, ಅವನ ದಂಡು ಹಗಲು ರಾತ್ರಿಗಳು. ಗೆಳೆಯ ಈಶ್ವರ. ನೋಡಿದಿರಾ? ಒಳಗೆ ನೋಡು ಅಂತ ಗ್ರಂಥವೇ ಹೇಳುತ್ತಿದೆ, ನಾನಲ್ಲ.

ಸಮಯ ಮುಗಿಯುತ್ತಾ ಬಂತು, ಉಳಿದದ್ದನ್ನು ಬೇಗ ಹೇಳುತ್ತೇನೆ. ಕಠೋಪನಿಷತ್ತಿನಲ್ಲಿ ದೇಹ ರಥ, ಇಂದ್ರಿಯಗಳು ಕುದುರೆ, ಮನಸ್ಸು ಲಗಾಮು, ಬುದ್ಧಿ ಸಾರಥಿ. ಗೀತೆಯ 13ನೇ ಅಧ್ಯಾಯದಲ್ಲಿ ಈ ಶರೀರವೇ ಕ್ಷೇತ್ರ ಅಂತ ಕೃಷ್ಣನೇ ಹೇಳುತ್ತಾನೆ. ಗಾಂಧೀಜಿ ಕುರುಕ್ಷೇತ್ರವನ್ನು ಮನುಷ್ಯನ ಎದೆಯೊಳಗಿನ ಯುದ್ಧವೆಂದೇ ಓದಿದರು. ಇಷ್ಟಾದರೂ ನಾವು ಸುಮ್ನೆ ಯುದ್ಧದ ಇಸವಿ ಹಿಡಿದು ಜಗಳವಾಡುತ್ತೇವೆ. ಅರ್ಜುನನ ಕೈ ನಡುಗಿದ್ದು ನಮ್ಮೊಳಗೆ ಎಲ್ಲಿ ಅಂತ ಮೊದಲು ನೋಡಬೇಕು ಅಲ್ವಾ?

ಪುರಂಜನ ಐದು ಕುದುರೆಯ ರಥ ಹತ್ತಿ ಬೇಟೆಗೆ ಹೋಗುವುದನ್ನೂ, ಕಾಲಕನ್ಯೆಯ ಕಥೆಯನ್ನೂ ಬೇಕೆಂದೇ ಬಿಟ್ಟಿದ್ದೇನೆ. ಕಥೆ ಶುರುವಾಗುವುದು 25ನೇ ಅಧ್ಯಾಯದಲ್ಲಿ. 28ರವರೆಗೆ ಓದಿ, ಆ ಎರಡನ್ನು ನೀವೇ ಬಿಡಿಸಲು ನೋಡಿ. ನಾರದರ ಉತ್ತರ 29ರಲ್ಲಿದೆ. ಮೊದಲೇ ಅಲ್ಲಿಗೆ ಹಾರಬೇಡಿ. ನಮಸ್ಕಾರ.