ಕಿಟಕಿ ಪಕ್ಕದ ಕುರ್ಚಿ

ಈ ಎರಡು ಫೋಟೋ ನೋಡಿ. ಎರಡರಲ್ಲೂ ಇರುವುದು ನನ್ನ ತಂಗಿ. ಅದೇ ಕ್ಯಾಮೆರಾ, ಅದೇ ಬಟ್ಟೆ, ನಡುವೆ ಹತ್ತೇ ನಿಮಿಷ. ಎಡಗಡೆಯ ಫೋಟೋ ನೋಡಿ ಅವಳು, "ನನ್ನ ಮೂಗು ಇಷ್ಟು ದಪ್ಪ ಇದೆಯಾ?" ಅಂತ ಕೇಳಿದಳು. ಬೇಜಾರಾಗಿಯೇ ಕೇಳಿದಳು. ಅವಳ ಮೂಗು ಹಾಗಿಲ್ಲ. ಹಾಗೆ ಕಾಣುವಂತೆ ಮಾಡಿದ್ದು ನಾನು.

ಆಗ ನಾನು ಅವಳ ಮುಖಕ್ಕೆ ತೀರಾ ಹತ್ತಿರ ನಿಂತಿದ್ದೆ, ಸುಮಾರು 40 ಸೆಂಟಿಮೀಟರ್. ಮೂಗಿನ ತುದಿಯಿಂದ ಕಿವಿಗೆ 12 ಸೆಂಟಿಮೀಟರ್ ಅಂದುಕೊಳ್ಳಿ. ಕ್ಯಾಮೆರಾದಿಂದ ಮೂಗು 40ರಲ್ಲಿ, ಕಿವಿ 52ರಲ್ಲಿ. ಹತ್ತಿರ ಇರುವುದು ದೊಡ್ಡದಾಗಿ ಕಾಣುತ್ತದೆ, ಅಲ್ವಾ? ಬಲಗಡೆಯ ಫೋಟೋಗೆ ನಾಲ್ಕು ಪಟ್ಟು ದೂರ ಹೋದೆ. ಈಗ ಮೂಗು 160, ಕಿವಿ 172. ನಡುವೆ ಇರುವುದು ಅದೇ 12 ಸೆಂಟಿಮೀಟರ್, ಆದರೆ ಅಷ್ಟು ದೂರದಿಂದ ಅದು ಲೆಕ್ಕಕ್ಕೇ ಬರುವುದಿಲ್ಲ.

ದೂರದ್ದನ್ನು ಹತ್ತಿರ ಎಳೆದು ತೋರಿಸುವ 85 ಎಂಎಂ ಲೆನ್ಸ್ ಹಾಕಿದರೆ ಮುಖ ಚೆಂದ ಬರುತ್ತದೆ ಅನ್ನುತ್ತಾರೆ. ನಿಜ, ಬರುತ್ತದೆ. ಯಾಕೆಂದರೆ ಆ ಲೆನ್ಸಿನಲ್ಲಿ ಮುಖ ಪೂರ್ತಿ ಹಿಡಿಯಬೇಕಾದರೆ ನೀವೇ ಹಿಂದೆ ಹೋಗಬೇಕಾಗುತ್ತದೆ. ಮೊಬೈಲಿನಲ್ಲೂ ಹೀಗೆಯೇ. ಎರಡು ಹೆಜ್ಜೆ ಹಿಂದೆ ಸರಿದು, ಆಮೇಲೆ 2ಎಕ್ಸ್ ಜೂಮ್ ಒತ್ತಿ. ಇದು ಗೊತ್ತಾದ ದಿನ ನಾನು ಹೊಸ ಲೆನ್ಸ್ ಹುಡುಕುವುದನ್ನು ನಿಲ್ಲಿಸಿದೆ. ಕಿಟಕಿ ಪಕ್ಕ ಒಂದು ಕುರ್ಚಿ ಹಾಕಿದೆ. ಒಂದು ತಿಂಗಳು ಅಲ್ಲಿ ಮಾತ್ರ ಫೋಟೋ ತೆಗೆದೆ.

ಇದೇ ಆ ಕುರ್ಚಿ. ಈಗ ಕುರ್ಚಿ ಕಿಟಕಿಗೆ ಅಂಟಿಕೊಂಡಂತೆ ಇದೆ. ತಂಗಿಯ ಒಂದು ಕೆನ್ನೆ ಬೆಳ್ಳಗೆ ಹೊಳೆಯುತ್ತಿದೆ, ಇನ್ನೊಂದು ಕೆನ್ನೆ ಕತ್ತಲು. ಈಗ ಕುರ್ಚಿಯನ್ನು ಒಂದು ಮೀಟರ್ ಒಳಗೆ ತರುತ್ತೇನೆ. ನೋಡಿ, ಎರಡೂ ಕೆನ್ನೆಗಳ ಬೆಳಕಿನಲ್ಲಿದ್ದ ವ್ಯತ್ಯಾಸ ಎಷ್ಟು ಕಡಿಮೆಯಾಯಿತು! ಸಣ್ಣ ಬಲ್ಬಾದರೆ ದೂರ ಎರಡು ಪಟ್ಟಾದಾಗ ಬೆಳಕು ನಾಲ್ಕರಲ್ಲಿ ಒಂದು ಭಾಗಕ್ಕೆ ಇಳಿಯುತ್ತದೆ. ಕಿಟಕಿ ಅಗಲ ಇರುವುದರಿಂದ ಅಷ್ಟು ಬೇಗ ಇಳಿಯುವುದಿಲ್ಲ, ಆದರೂ ಇಳಿಯುತ್ತದೆ. ದೀಪದ ಹತ್ತಿರ ಈ ಇಳಿತ ಜೋರು, ದೂರ ಹೋದಷ್ಟೂ ನಿಧಾನ.

ಈಗ ಕುರ್ಚಿ ಅಲ್ಲೇ ಇರಲಿ. ತಂಗಿ ಮುಖ ಮಾತ್ರ ನಿಧಾನವಾಗಿ ಕಿಟಕಿಯ ಕಡೆ ತಿರುಗಿಸುತ್ತಾಳೆ. ಸಾಕು, ನಿಲ್ಲಿಸೋಣ. ನೆರಳಿರುವ ಕಡೆ, ಕಣ್ಣಿನ ಕೆಳಗೆ, ಒಂದು ಪುಟ್ಟ ತ್ರಿಕೋನದ ಬೆಳಕು ಬಿದ್ದಿದೆ. ಚಿತ್ರಕಾರ ರೆಂಬ್ರಾಂಟ್ ಹೆಸರಿನಲ್ಲಿ ಇದನ್ನು ರೆಂಬ್ರಾಂಟ್ ಲೈಟಿಂಗ್ ಅಂತ ಕರೆಯುತ್ತಾರೆ. ಅವಳ ಕಣ್ಣೊಳಗೂ ನೋಡಿ, ಕಿಟಕಿಯ ಚೌಕ ಹೊಳೆಯುತ್ತಿದೆ. ಆ ಹೊಳಪು ಇಲ್ಲದಿದ್ದರೆ ಕಣ್ಣು ಸತ್ತಂತೆ ಕಾಣುತ್ತದೆ. ನಾನು ಕ್ಲಿಕ್ ಮಾಡುವ ಮುಂಚೆ ಮೊದಲು ನೋಡುವುದು ಅದನ್ನೇ.

ಬಿಸಿಲು ನೇರ ಬೀಳುತ್ತಿದ್ದರೆ ತೆಳು ಬಿಳಿ ಪರದೆ ಎಳೆಯಿರಿ. ನೆರಳು ಜಾಸ್ತಿ ಅನ್ನಿಸಿದರೆ ಆ ಕಡೆ ಒಂದು ಬಿಳಿ ರಟ್ಟು ಹಿಡಿಯಿರಿ. ಮನೆಯ ಬಲ್ಬ್ ಆರಿಸಿಬಿಡಿ. ಹಳದಿ ಬೆಳಕೂ ಕಿಟಕಿ ಬೆಳಕೂ ಒಂದೇ ಮುಖದ ಮೇಲೆ ಬಿದ್ದರೆ ಬಣ್ಣ ಸರಿದೂಗಿಸುವ ವೈಟ್ ಬ್ಯಾಲೆನ್ಸ್ ಸೆಟ್ಟಿಂಗ್ ಯಾವುದು ಇಟ್ಟರೂ ಒಂದು ಕೆನ್ನೆ ಕೆಡುತ್ತದೆ.

ಬ್ರಿಟಿಷ್ ಫೋಟೋಗ್ರಾಫರ್ ಜೂಲಿಯಾ ಮಾರ್ಗರೆಟ್ ಕ್ಯಾಮೆರಾನ್ ಕೈಗೆ ಮೊದಲ ಕ್ಯಾಮೆರಾ ಬಂದದ್ದು 1863ರಲ್ಲಿ, ಮಗಳೂ ಅಳಿಯನೂ ಕೊಟ್ಟ ಉಡುಗೊರೆಯಾಗಿ. ಆಗ ಅವರಿಗೆ 48 ವರ್ಷ. ಗಾಜು ಹಾಕಿಸಿದ್ದ ಕೋಳಿಗೂಡೇ ಅವರ ಸ್ಟುಡಿಯೋ ಆಯಿತು. ಅವರು ತೆಗೆದ ಮುಖಗಳನ್ನು ಇವತ್ತಿಗೂ ಜನ ನಿಂತು ನೋಡುತ್ತಾರೆ. ನನಗೆ ಧೈರ್ಯ ಬೇಕಾದಾಗಲೆಲ್ಲ ಆ ಕೋಳಿಗೂಡು ನೆನಪಾಗುತ್ತದೆ.

ಇನ್ನು ಹಿಂದಿನ ಗೋಡೆ. ಗೋಡೆಗೆ ಒರಗಿಸಿ ನಿಲ್ಲಿಸಬೇಡಿ. ಎರಡು ಮೀಟರ್ ಮುಂದೆ ಕರೆತನ್ನಿ, ಗೋಡೆ ತಾನಾಗಿಯೇ ಮಸುಕಾಗುತ್ತದೆ.

ಮಸುಕಿನ ಆಸೆಗೆ ನಾನು ಮೊದಲು ಎಲ್ಲವನ್ನೂ ಎಫ್/1.8ರಲ್ಲೇ, ಅಂದರೆ ಲೆನ್ಸಿನ ಕಿಂಡಿ ತುಂಬಾ ಅಗಲ ತೆರೆದು, ತೆಗೆಯುತ್ತಿದ್ದೆ. 50 ಎಂಎಂ ಲೆನ್ಸಿನಲ್ಲಿ, ಒಂದು ಮೀಟರ್ ದೂರದಿಂದ, ಆಗ ಚೂಪಾಗಿ ಬರುವ ಆಳ ಮೂರು ನಾಲ್ಕು ಸೆಂಟಿಮೀಟರ್ ಅಷ್ಟೇ. ಮುಖ ಸ್ವಲ್ಪ ತಿರುಗಿದ್ದರೂ ಒಂದು ಕಣ್ಣು ಚೂಪು, ಇನ್ನೊಂದು ಮಂಜು. ಉಸಿರಾಡುವಾಗ ತಲೆ ಒಂದಿಷ್ಟು ಹಿಂದೆ ಮುಂದೆ ಆದರೂ ಸಾಕು, ಫೋಕಸ್ ಹೋಯಿತು. ಈಗ ಕಿಂಡಿ ಕಿರಿದು ಮಾಡಿ ಎಫ್/2.8 ಅಥವಾ ಎಫ್/4 ಇಡುತ್ತೇನೆ. ಫೋಕಸ್ ಚುಕ್ಕೆಯನ್ನು ಹತ್ತಿರದ ಕಣ್ಣಿನ ಮೇಲೆ ನಾನೇ ಕೂರಿಸುತ್ತೇನೆ. ಶಟರ್ ತೆರೆದಿರುವುದು ಸೆಕೆಂಡಿನ 1/200 ಭಾಗ ಅಷ್ಟೇ. ಬೆಳಕು ಸಾಲದಿದ್ದರೆ ಐಎಸ್ಒ, ಅಂದರೆ ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ, 1600ಕ್ಕೂ ಏರಿಸುತ್ತೇನೆ, ಹೆದರುವುದಿಲ್ಲ. ಕಾಳು ಕಾಳಾಗಿ ಬಂದ ಫೋಟೋವನ್ನು ಆಮೇಲೆ ಸರಿಮಾಡಬಹುದು. ಅಲುಗಾಡಿದ ಮುಖವನ್ನು ಆಗುವುದಿಲ್ಲ.

ಇಷ್ಟೆಲ್ಲ ಸರಿಯಾದ ಮೇಲೆ ಅಪ್ಪನನ್ನು ಅದೇ ಕುರ್ಚಿಯಲ್ಲಿ ಕೂರಿಸಿದೆ. ಬೆಳಕು ಸರಿ, ಫೋಕಸ್ ಸರಿ. ಆದರೆ ಫೋಟೋದಲ್ಲಿ ಅಪ್ಪ ಇರಲಿಲ್ಲ. ಭುಜ ಬಿಗಿಹಿಡಿದು, ಉಸಿರು ಕಟ್ಟಿ, ಗುರುತಿನ ಚೀಟಿಗೆ ಕೂತಂತೆ ಕೂತಿದ್ದರು. "ನಗಿ" ಅಂದೆ. ತುಟಿ ಮಾತ್ರ ಅಗಲವಾಯಿತು. ಐದು ನಿಮಿಷ ನಾನು ಸೆಟ್ಟಿಂಗ್ ಬದಲಿಸುತ್ತಲೇ ಇದ್ದೆ, ಅವರು ಸುಮ್ನೆ ಕೂತೇ ಇದ್ದರು. ಅವರಿಗೆ ಕಷ್ಟವಾಗಿದ್ದು ಆ ಮೌನ.

ಈಗ ಯಾರಾದರೂ ಬರುವ ಮುಂಚೆಯೇ ಕುರ್ಚಿಯ ಮೇಲೆ ದಿಂಬು ಇಟ್ಟು ಎಲ್ಲ ಸೆಟ್ಟಿಂಗ್ ಮುಗಿಸಿರುತ್ತೇನೆ. ಅವರು ಬಂದ ಮೇಲೆ ಮಾತು ಮಾತ್ರ. ಕೈಗೆ ಏನಾದರೂ ಕೆಲಸ ಕೊಡುತ್ತೇನೆ. ಅಪ್ಪನಿಗೆ ಅವರದೇ ಕನ್ನಡಕ ಕೊಟ್ಟು ಒರೆಸಲು ಹೇಳಿದೆ. "ಮೊದಲ ಸಂಬಳದಲ್ಲಿ ಏನು ಕೊಂಡಿರಿ?" ಅಂತ ಕೇಳಿದೆ. ಒಂದು ಕ್ಲಿಕ್ ಮಾಡಿದೆ, ಕ್ಯಾಮೆರಾ ಇಳಿಸಲಿಲ್ಲ. ಫೋಟೋ ಮುಗಿಯಿತು ಅಂದುಕೊಂಡ ಕೂಡಲೇ ಮನುಷ್ಯರ ಭುಜ ಇಳಿಯುತ್ತದೆ, ಉಸಿರು ಬಿಡುತ್ತಾರೆ. ಅಪ್ಪನೂ ಬಿಟ್ಟರು. ಕನ್ನಡಕ ಕೈಯಲ್ಲೇ ಇತ್ತು, ಕಿಟಕಿಯ ಆಚೆ ನೋಡುತ್ತಾ ಹಳೆಯದೇನೋ ನೆನೆಸಿಕೊಳ್ಳುತ್ತಿದ್ದರು. ಎರಡನೇ ಕ್ಲಿಕ್ ಆಗ ಮಾಡಿದೆ.

ಇದು ಮೊದಲನೆಯದು. ಮತ್ತೆ ಇದು, ಎರಡನೆಯದು.