ಮಕ್ಕಳು ಓದಲು ಮನೆಯಲ್ಲೊಂದು ಜಾಗ

ಕೇಳುಗರೆಲ್ಲರಿಗೂ ನಮಸ್ಕಾರ. ಶಾಲೆ ಶುರುವಾಗಿದೆ, ಮಳೆಯೂ ಶುರುವಾಗಿದೆ. ಪುಸ್ತಕಕ್ಕೆ ಬೈಂಡ್ ಹಾಕಿದ್ದಾಯ್ತು, ಲೇಬಲ್ ಅಂಟಿಸಿದ್ದಾಯ್ತು, ಬ್ಯಾಗು, ಕೊಡೆ, ಜರ್ಕಿನ್ ಎಲ್ಲ ತಂದಿದ್ದಾಯ್ತು. ಆದರೆ ಈ ಪುಸ್ತಕ ಹಿಡಿದುಕೊಂಡು ನಿಮ್ಮ ಮಗು ಸಂಜೆ ಹೊತ್ತು ಕೂರುವುದು ಎಲ್ಲಿ? ಇವತ್ತಿನ ನನ್ನ ಮಾತು ಇದರ ಬಗ್ಗೆ.

ಪರೀಕ್ಷೆಗೆ ಮುಂಚೆ ಎಸ್ಸೆಸ್ಸೆಲ್ಸಿ ಮಕ್ಕಳ ಮನೆಗೆ ಹೋಗಿ ಬರುವ ರೂಢಿ ನಮ್ಮ ಕಡೆ ಹೈಸ್ಕೂಲು ಮೇಷ್ಟ್ರುಗಳಿಗೆ ಇದೆ. ನಾನೂ ಹಾಗೆ ತುಂಬಾ ಮನೆ ನೋಡಿದ್ದೇನೆ, ಸಕಲೇಶಪುರದ ಕಡೆ ತೋಟದ ಕೂಲಿಕಾರರು ಇರುವ ಸಾಲುಮನೆಗಳಿಂದ, ಅಂದರೆ ಲೈನ್ ಮನೆಗಳಿಂದ ಹಿಡಿದು ಅರಸೀಕೆರೆ ಕಡೆಯ ಶೀಟಿನ ಮನೆಗಳವರೆಗೆ. 2019ರಲ್ಲಿ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ಹಾಸನ ಜಿಲ್ಲೆ ರಾಜ್ಯಕ್ಕೇ ಮೊದಲು ಬಂತಲ್ವಾ, ಆಗ ನನಗೆ ನೆನಪಾಗಿದ್ದು ಆ ಮನೆಗಳೇ. ಪ್ರತ್ಯೇಕ ರೂಮು ಇದ್ದ ಮಕ್ಕಳು ತೀರಾ ಕಡಿಮೆ. ಅಡುಗೆಮನೆ ಬಾಗಿಲಲ್ಲಿ, ಜಗಲಿ ಮೇಲೆ, ಕಾಫಿ ಮೂಟೆ ಪಕ್ಕದಲ್ಲಿ ಕೂತು ಓದಿದವರೇ ಜಾಸ್ತಿ. ಹಾಗಾಗಿ ರೂಮಿಲ್ಲ ಅಂತ ಯಾರೂ ಬೇಜಾರು ಮಾಡಿಕೊಳ್ಳಬೇಡಿ. ಒಂದು ಮೂಲೆ ಸಾಕು. ಆದರೆ ಆ ಮೂಲೆ ದಿನಾ ಅದೇ ಇರಬೇಕು, ಮತ್ತು ಅದು ಮಗುವಿನದು ಅಂತ ಮನೆಯವರೆಲ್ಲ ಒಪ್ಪಿರಬೇಕು. ಇವತ್ತು ಮಂಚದ ಮೇಲೆ, ನಾಳೆ ಸೋಫಾ ಮೇಲೆ, ನಾಡಿದ್ದು ನೆಂಟರು ಬಂದರು ಅಂತ ಅಡುಗೆಮನೆಗೆ, ಹೀಗೆ ಎಬ್ಬಿಸಿ ಎಬ್ಬಿಸಿ ಕೂರಿಸಿದರೆ ಪೆನ್ಸಿಲ್ ಹುಡುಕುವುದರಲ್ಲೇ ಅರ್ಧ ಸಂಜೆ ಕಳೆದುಹೋಗುತ್ತದೆ.

ಮೊದಲು ಬೆಳಕಿನ ವಿಷಯ ಹೇಳಿಬಿಡುತ್ತೇನೆ, ಯಾಕೆಂದರೆ ಎಷ್ಟೋ ಮನೆಯಲ್ಲಿ ಎಡವಟ್ಟಾಗಿರುವುದು ಇಲ್ಲೇ. ಒಂದು ಲೈನ್ ಮನೆಯಲ್ಲಿ ಹತ್ತನೇ ಕ್ಲಾಸಿನ ಹುಡುಗಿ ಗೋಡೆಗೆ ಮುಖ ಮಾಡಿ ಕೂತು ಲೆಕ್ಕ ಮಾಡುತ್ತಿದ್ದಳು. ಬಲ್ಬು ಬೆನ್ನ ಹಿಂದೆ, ಬಾಗಿಲ ಮೇಲೆ. ಅವಳ ತಲೆ ನೆರಳು ಪೂರ್ತಿ ನೋಟ್‌ಬುಕ್ ಮೇಲೆ ಬಿದ್ದಿತ್ತು, ಪಾಪ, ಅಕ್ಷರ ಕಾಣಲಿ ಅಂತ ಬಗ್ಗಿ ಬಗ್ಗಿ ಮೂಗು ಪುಸ್ತಕಕ್ಕೆ ತಾಗುವಷ್ಟು ಹತ್ತಿರ ಬಂದಿತ್ತು. ಚಾಪೆಯನ್ನು ಎದುರು ಗೋಡೆಗೆ ಹಾಕಿಸಿ, ಬಲ್ಬು ಎಡಗಡೆ ಬರುವ ಹಾಗೆ ತಿರುಗಿ ಕೂರಿಸಿದೆವು. ಒಂದು ರೂಪಾಯಿ ಖರ್ಚಾಗಲಿಲ್ಲ. ಅವರಮ್ಮ, "ಸಾರ್, ಇಷ್ಟು ದಿನ ನಮಗೆ ಹೊಳೀಲೇ ಇಲ್ವಲ್ಲ" ಅಂದರು.

ನಿಮ್ಮ ಮನೆಯಲ್ಲೂ ಒಂದು ಸಲ ನೋಡಿ. ಮಗು ಬರೆಯುವಾಗ ಪೆನ್ಸಿಲ್ ಮೊನೆ ಇರುವ ಕಡೆ ಕೈ ನೆರಳು ಬೀಳುತ್ತಾ? ಬಲಗೈಯಲ್ಲಿ ಬರೆಯುವ ಮಗುವಿಗೆ ಬೆಳಕು ಎಡಗಡೆಯಿಂದ ಬರಬೇಕು, ಎಡಗೈಯವರಿಗೆ ಬಲಗಡೆಯಿಂದ. ಹಂಚಿನ ಮನೆಗಳಲ್ಲಿ ಇನ್ನೊಂದು ತೊಂದರೆ ಇದೆ, ಮಾಡು ಎತ್ತರ, ಬಲ್ಬು ತೊಲೆ ಹತ್ತಿರ ಎಲ್ಲೋ ಮೇಲೆ ಇರುತ್ತದೆ. ಬಲ್ಬನ್ನು ಅರ್ಧದಷ್ಟು ಹತ್ತಿರಕ್ಕೆ ತಂದರೆ ಪುಸ್ತಕದ ಮೇಲೆ ಬೀಳುವ ಬೆಳಕು ಸುಮಾರು ನಾಲ್ಕು ಪಟ್ಟಾಗುತ್ತದೆ. ಅಂದರೆ ದೊಡ್ಡ ಬಲ್ಬು ತರುವುದಕ್ಕಿಂತ, ಇರುವ 9 ವ್ಯಾಟಿನ ಎಲ್ಇಡಿಯನ್ನೇ ಎಲೆಕ್ಟ್ರಿಷಿಯನ್ ಕೈಲಿ ಉದ್ದ ವೈರು ಹಾಕಿಸಿ ಕೆಳಗೆ ಇಳಿಸಿಕೊಳ್ಳುವುದು ಜಾಣತನ. ಉರಿಯುವ ಬಲ್ಬು ನೇರ ಕಣ್ಣಿಗೆ ಹೊಡೆಯದ ಹಾಗೆ ಮೇಲೊಂದು ಮುಚ್ಚಳ ಇರಲಿ. ಟೇಬಲ್ ಲ್ಯಾಂಪ್ ಇದ್ದರೂ ರೂಮಿನ ಲೈಟು ಆರಿಸಬೇಡಿ, ಸುತ್ತ ಕತ್ತಲು ಇದ್ದರೆ ಕಣ್ಣು ಬೇಗ ಸೋಲುತ್ತದೆ.

ಇನ್ನು ಕರೆಂಟು. ಮಲೆನಾಡಿನ ಮಳೆಗಾಲದ ಬಗ್ಗೆ ನಿಮಗೆ ನಾನೇನು ಹೇಳುವುದು! ಒಂದು ಮರ ಲೈನಿನ ಮೇಲೆ ಬಿತ್ತು ಅಂದರೆ ಎರಡು ದಿನ ಕತ್ತಲು. ಒಳಗೇ ಬ್ಯಾಟರಿ ಇರುವ ಇನ್ವರ್ಟರ್ ಬಲ್ಬು ಅಂತ ಸಿಗುತ್ತದೆ, ಕರೆಂಟು ಹೋದ ತಕ್ಷಣ ತಾನಾಗೇ ಹೊತ್ತಿಕೊಳ್ಳುತ್ತದೆ. ಅಂಥದ್ದೊಂದು ಓದುವ ಮೂಲೆಗೇ ಮೀಸಲಿರಲಿ. ಸೋಲಾರ್ ದೀಪ ನಂಬಿಕೊಂಡವರು ಜುಲೈ ತಿಂಗಳಲ್ಲಿ ಅದು ಸರಿಯಾಗಿ ಚಾರ್ಜ್ ಆಗಲ್ಲ ಅನ್ನೋದನ್ನು ಮರೆಯಬೇಡಿ, ಕರೆಂಟಿನಲ್ಲೂ ಚಾರ್ಜ್ ಮಾಡುವಂಥದ್ದನ್ನೇ ತನ್ನಿ. ಮಳೆ ಅಂತ ಕಿಟಕಿ ಬಾಗಿಲು ಮುಚ್ಚಿಕೊಂಡು ಸೀಮೆಎಣ್ಣೆ ಬುಡ್ಡಿ ಹಚ್ಚಿ ಮಕ್ಕಳನ್ನು ಓದಿಸುವುದು ಮಾತ್ರ ಖಂಡಿತ ಬೇಡ. ಆ ಹೊಗೆ ಪೂರ್ತಿ ಮಗುವಿನ ಎದೆಗೆ ಹೋಗುತ್ತದೆ.

ಕೂರುವುದು ನೆಲದ ಮೇಲೋ ಕುರ್ಚಿ ಮೇಲೋ ಅಂತ ಬಹಳ ಜನ ಕೇಳುತ್ತಾರೆ. ಎರಡೂ ಆಗುತ್ತದೆ. ಹಿಂದೆ ಶಾನುಭೋಗರ ಮನೆಯಲ್ಲಿ ಲೆಕ್ಕ ಬರೆಯಲು ಇಳಿಜಾರಾದ ಗಿಡ್ಡ ಡೆಸ್ಕು ಇರುತ್ತಿತ್ತಲ್ಲ, ನೆಲದ ಮೇಲೆ ಕೂರುವ ಮಗುವಿಗೆ ಅದಕ್ಕಿಂತ ಒಳ್ಳೆಯದು ಇವತ್ತಿಗೂ ಇಲ್ಲ ಅಂತ ನನ್ನ ಅಭಿಪ್ರಾಯ. ತೋಟದಲ್ಲಿ ಸಿಲ್ವರ್ ಓಕ್ ಕಡಿಸಿದಾಗ ಉಳಿಯುವ ಎರಡು ಹಲಗೆ ಕೊಟ್ಟರೆ ಊರಿನ ಬಡಗಿ ಮಾಡಿಕೊಡುತ್ತಾರೆ. ಅಳತೆ ಬಡಗಿಗೆ ಅಂದಾಜಿನಲ್ಲಿ ಹೇಳಬೇಡಿ, ಮಗುವನ್ನು ಚಕ್ಕಳಮಕ್ಕಳ ಹಾಕಿ ಕೂರಿಸಿ, ತೋಳು ಇಳಿಬಿಟ್ಟು ಮೊಣಕೈ ಮಡಚಲು ಹೇಳಿ, ನೆಲದಿಂದ ಮೊಣಕೈವರೆಗೆ ಎಷ್ಟಿದೆ ನೋಡಿ ಡೆಸ್ಕಿನ ಎತ್ತರ ಅಷ್ಟೇ ಮಾಡಿಸಿ. ಕುರ್ಚಿ ಮೇಜಾದರೂ ಇದೇ ಲೆಕ್ಕ. ಆದರೆ ದೊಡ್ಡವರ ಕುರ್ಚಿಯಲ್ಲಿ ಮೂರನೇ ಕ್ಲಾಸಿನ ಮಗುವಿನ ಕಾಲು ನೇತಾಡುತ್ತಿರುತ್ತದೆ, ಆಮೇಲೆ ಕಾಲು ಜೋಮು ಹಿಡಿಯುತ್ತೆ ಅಂತ ಎದ್ದು ಎದ್ದು ಓಡುತ್ತದೆ, ನಾವು ಅದಕ್ಕೆ ಗಮನ ಇಲ್ಲ ಅಂತ ಬೈಯುತ್ತೇವೆ. ಪಾದದ ಕೆಳಗೆ ಒಂದು ಮಣೆ ಇಡಿ. ಪುಸ್ತಕಕ್ಕೂ ಕಣ್ಣಿಗೂ ಒಂದಡಿಗಿಂತ ಸ್ವಲ್ಪ ಜಾಸ್ತಿ ದೂರ ಇರಲಿ. ಇಪ್ಪತ್ತು ನಿಮಿಷಕ್ಕೊಮ್ಮೆ ತಲೆ ಎತ್ತಿ ಕಿಟಕಿಯಿಂದ ದೂರದ ಮರ ನೋಡಲಿ, ಕಣ್ಣಿಗೆ ವಿಶ್ರಾಂತಿ. ಹಗಲು ಹೊತ್ತು ಹೊರಗೆ ಆಡುವ ಮಕ್ಕಳಲ್ಲಿ ದೂರದ್ದು ಮಸುಕಾಗಿ ಕಾಣುವ ದೃಷ್ಟಿದೋಷ ಕಡಿಮೆ ಅಂತ ಕಣ್ಣಿನ ಡಾಕ್ಟರುಗಳೂ ಹೇಳುತ್ತಾರೆ, ಹಾಗಾಗಿ ಶಾಲೆಯಿಂದ ಬಂದ ಕೂಡಲೇ ಕೂರಿಸಬೇಡಿ, ಮಳೆ ಬಿಟ್ಟಿದ್ದರೆ ಆಡಲು ಬಿಡಿ.

ಪುಸ್ತಕ ಬೂಷ್ಟು ಹಿಡಿಯುವುದು ನಮ್ಮ ಕಡೆಯ ದೊಡ್ಡ ತಲೆನೋವು. ಹೊರಗಿನ ಗೋಡೆಗೆ ಒತ್ತಿ ಶೆಲ್ಫು ಇಡಬೇಡಿ, ನಡುವೆ ಕೈ ಆಡುವಷ್ಟು ಜಾಗ ಬಿಡಿ. ನೆನೆದ ಬ್ಯಾಗನ್ನು ಹಾಗೇ ಮೂಲೆಗೆ ಎಸೆದರೆ ಬೆಳಿಗ್ಗೆ ಅಷ್ಟೂ ಮೆತ್ತಗೆ. ಬಂದ ತಕ್ಷಣ ಪುಸ್ತಕ ತೆಗೆದು ಬಿಡಿಸಿ ನಿಲ್ಲಿಸಲಿ, ಒದ್ದೆಯಾದ ಹಾಳೆಗಳ ನಡುವೆ ಪೇಪರ್ ಇಡಿ. ಬಯಲುಸೀಮೆಯವರಿಗೆ ಈ ಕಷ್ಟ ಇಲ್ಲ, ಅವರಿಗೆ ಮಾರ್ಚ್ ತಿಂಗಳ ಬಿಸಿಲು. ಶೀಟಿನ ಮನೆ ಮಧ್ಯಾಹ್ನ ಕಾದ ಹೆಂಚಾಗಿರುತ್ತದೆ, ಪರೀಕ್ಷೆಯೂ ಆಗಲೇ. ಆ ಹೊತ್ತಿನಲ್ಲಿ ಮಕ್ಕಳು ಹೊಂಗೆ ಮರದ ನೆರಳಿಗೋ ಜಗಲಿಗೋ ಚಾಪೆ ಹಾಕಿಕೊಳ್ಳಲಿ. 2020ರಲ್ಲಿ ಶಾಲೆ ಮುಚ್ಚಿದ್ದಾಗ ವಿದ್ಯಾಗಮ ಅಂತ ಮೇಷ್ಟ್ರುಗಳೇ ಊರಿಗೆ ಬಂದು ಜಗಲಿ, ದೇವಸ್ಥಾನದ ಕಟ್ಟೆ, ಮರದಡಿ ಪಾಠ ಮಾಡಲಿಲ್ವಾ, ಮಕ್ಕಳು ಕಲಿತರು.

ಇಷ್ಟೆಲ್ಲ ಹೊಂದಿಸಿದ ಮೇಲೂ ಒಂದು ಉಳಿದಿದೆ, ಅದು ದುಡ್ಡು ಕೊಟ್ಟರೆ ಬರುವಂಥದ್ದಲ್ಲ. ಟಿವಿ. ಮಗು ಓದುತ್ತಿರುವಾಗ ಮೂರಡಿ ದೂರದಲ್ಲಿ ಸೀರಿಯಲ್‌ನ ಅತ್ತೆ ಸೊಸೆ ಕಿರುಚಾಡುತ್ತಿದ್ದರೆ ಯಾವ ಡೆಸ್ಕೂ ಯಾವ ಬಲ್ಬೂ ಉಪಯೋಗಕ್ಕೆ ಬರುವುದಿಲ್ಲ. ಪೂರ್ತಿ ನಿಲ್ಲಿಸಿ ಅಂತ ನಾನು ಹೇಳುತ್ತಿಲ್ಲ, ದಿನವಿಡೀ ತೋಟದಲ್ಲಿ, ಗದ್ದೆಯಲ್ಲಿ ದುಡಿದು ಬಂದ ಹೆಣ್ಣುಮಕ್ಕಳಿಗೆ ಅದೊಂದೇ ಬಿಡುವು ಅಂತ ಗೊತ್ತು. ದಿನಕ್ಕೆ ಒಂದು ಗಂಟೆ ಟಿವಿ ಆಫ್ ಮಾಡಿ. ಆ ಹೊತ್ತಿನಲ್ಲಿ ರೇಡಿಯೋ ಕೂಡ ಬೇಡ. ಯಾವ ಗಂಟೆ ಅಂತ ಮಕ್ಕಳನ್ನೂ ಕೂರಿಸಿಕೊಂಡು ಮನೆಯವರೆಲ್ಲ ಸೇರಿ ಗೊತ್ತು ಮಾಡಿ. ಮೊಬೈಲಿನದೂ ಹಾಗೇ, ಹೋಂವರ್ಕು ವಾಟ್ಸಾಪಿನಲ್ಲಿ ಬರುತ್ತೆ ನಿಜ, ಮೊದಲು ಅದನ್ನು ನೋಟ್‌ಬುಕ್ಕಿಗೆ ಇಳಿಸಿಕೊಂಡು ಫೋನನ್ನು ಅಡುಗೆಮನೆ ಶೆಲ್ಫಿಗೆ ಇಟ್ಟುಬಿಡಲಿ. ಅಪ್ಪಂದಿರೂ ಆ ಒಂದು ಗಂಟೆ ಫೋನು ಕೆಳಗಿಡಬೇಕು, ನೀವು ರೀಲ್ಸ್ ನೋಡುತ್ತಾ ಓದು ಅಂದರೆ ಯಾವ ಮಗು ಕೇಳುತ್ತೆ?

ಇಬ್ಬರು ಮೂವರು ಮಕ್ಕಳಿದ್ದರೆ ಒಬ್ಬೊಬ್ಬರನ್ನು ಒಂದೊಂದು ಗೋಡೆಗೆ ತಿರುಗಿಸಿ ಕೂರಿಸಿ. ಚಿಕ್ಕದು ಅಡುಗೆಮನೆಯಲ್ಲೇ ಕೂತು, ನೀವು ರೊಟ್ಟಿ ತಟ್ಟುವಾಗ ಗಟ್ಟಿಯಾಗಿ ಓದಿ ಹೇಳಲಿ. ನಮಗೆ ಓದು ಬರಲ್ಲ ಸಾರ್, ನಾವೇನು ಹೇಳಿಕೊಡೋದು ಅಂತ ಲೈನ್ ಮನೆಗಳಲ್ಲಿ ತಾಯಂದಿರು ಸಂಕೋಚ ಪಡುತ್ತಾರೆ. ಹೇಳಿಕೊಡುವುದು ಬೇಡಮ್ಮ, ಪಕ್ಕದಲ್ಲಿ ಕೂತು ಇವತ್ತು ಶಾಲೆಯಲ್ಲಿ ಏನು ಕಲಿತೆ ಅಂತ ಕೇಳಿ. ನಿಮಗೆ ಅರ್ಥ ಆಗುವ ಹಾಗೆ ಹೇಳಬೇಕಾದರೆ ಮಗುವಿಗೆ ಅದು ಮೊದಲು ಅರ್ಥ ಆಗಿರಬೇಕು.

ಮನೆಯಲ್ಲಿ ಕಾಯಿಲೆಯವರಿದ್ದಾರೆ, ಜಾಗವೇ ಇಲ್ಲ, ಗಲಾಟೆ ತಪ್ಪಿಸಲು ಆಗುವುದೇ ಇಲ್ಲ ಅನ್ನುವವರು ನಿಮ್ಮ ಪಂಚಾಯಿತಿಯ ಗ್ರಂಥಾಲಯಕ್ಕೆ, ಈಗ ಅರಿವು ಕೇಂದ್ರ ಅನ್ನುತ್ತಾರೆ, ಅಲ್ಲಿಗೆ ಮಗುವನ್ನು ಕರೆದುಕೊಂಡು ಹೋಗಿ. ಮಕ್ಕಳಿಗೆ ಸದಸ್ಯತ್ವಕ್ಕೆ ದುಡ್ಡು ಕಟ್ಟಬೇಕಿಲ್ಲ. ಸಂಜೆ ಎಷ್ಟು ಹೊತ್ತಿನವರೆಗೆ ತೆರೆದಿರುತ್ತೆ ಅಂತ ವಿಚಾರಿಸಿಕೊಳ್ಳಿ, ಆನೆ ಓಡಾಡುವ ಆಲೂರು, ಸಕಲೇಶಪುರದ ಕಡೆಯವರು ಕತ್ತಲಾಗುವ ಮುಂಚೆ ದೊಡ್ಡವರು ಯಾರಾದರೂ ಹೋಗಿ ಕರೆದುಕೊಂಡು ಬನ್ನಿ. ನಮಸ್ಕಾರ.