ಇಲಿಯನ್ನು ಪಾತ್ರಗಳಿಗೆ ತೋರಿಸಬೇಡಿ

ಕೇಳುಗರಿಗೆಲ್ಲ ನಮಸ್ಕಾರ.

ಪ್ಲೇಗ್ ಕಾಲದ ಐತಿಹಾಸಿಕ ಕಾದಂಬರಿಗಳ ಬಗ್ಗೆ ಮಾತಾಡಿ ಅಂತ ನನ್ನನ್ನು ಕರೆದಿದ್ದಾರೆ. ಓದುವವರೂ ಕೇಳುತ್ತಿದ್ದೀರಿ, ಬರೆಯಬೇಕು ಅಂತ ಆಸೆ ಇಟ್ಟುಕೊಂಡವರೂ ಕೇಳುತ್ತಿದ್ದೀರಿ. ಇಬ್ಬರಿಗೂ ಹೇಳುವುದು ಒಂದೇ ಮಾತು. 1348ರ ಮನುಷ್ಯನಿಗೆ ಇಲಿಯ ವಿಷಯ ಗೊತ್ತಿರಲಿಲ್ಲ.

1347ರ ಅಕ್ಟೋಬರಿನಲ್ಲಿ ಜಿನೋವಾದ ಹಡಗುಗಳ ಜೊತೆ ಪ್ಲೇಗ್ ಸಿಸಿಲಿಯ ಮೆಸ್ಸೀನಾ ಬಂದರಿಗೆ ಬಂತು. ಕೆಲವೇ ವರ್ಷಗಳಲ್ಲಿ ಯುರೋಪಿನಲ್ಲಿ ಕಡಿಮೆ ಅಂದರೂ ಮೂರರಲ್ಲಿ ಒಬ್ಬರು ಸತ್ತರು. ರೋಗದ ಕ್ರಿಮಿಯನ್ನು ಯೆರ್ಸಿನ್ ಕಂಡಿದ್ದು ಹಾಂಗ್‌ಕಾಂಗ್‌ನಲ್ಲಿ, 1894ರಲ್ಲಿ. ಇಲಿಯ ಮೈಮೇಲಿನ ಚಿಗಟವೇ ರೋಗ ಹರಡುತ್ತದೆ ಅಂತ ಸಿಮಂಡ್ ಹೇಳಿದ್ದು ಕರಾಚಿಯಲ್ಲಿ, 1898ರಲ್ಲಿ. ನಡುವೆ ಐದೂವರೆ ಶತಮಾನ!

ಆದರೂ ಕಾದಂಬರಿ ತೆರೆದರೆ ಏನಿರುತ್ತದೆ? ಜಾಣ ನಾಯಕಿ ಸತ್ತ ಇಲಿ ನೋಡುತ್ತಾಳೆ, ಹುಬ್ಬು ಗಂಟಿಕ್ಕುತ್ತಾಳೆ, ಬಟ್ಟೆ ಕುದಿಸಿ ಅನ್ನುತ್ತಾಳೆ. ಅಷ್ಟರಲ್ಲಿ ಹಕ್ಕಿ ಕೊಕ್ಕಿನ ಮುಖವಾಡ ಹಾಕಿಕೊಂಡ ವೈದ್ಯ ಬೇರೆ ಬರುತ್ತಾನೆ. ಆ ಮುಖವಾಡ 17ನೇ ಶತಮಾನದ್ದು, ಸ್ವಾಮಿ. ನಾನಂತೂ ಅಲ್ಲಿಗೇ ಪುಸ್ತಕ ಮುಚ್ಚಿಬಿಡುತ್ತೇನೆ.

ಹಾಗಾದರೆ ಅವರಿಗೆ ಏನು ಗೊತ್ತಿತ್ತು? ಇಲ್ಲಿ ನನಗೆ ಬಹಳ ಇಷ್ಟವಾದ ಒಂದು ಪ್ರಸಂಗ ಹೇಳಬೇಕು.

ಆಗ ಪೋಪ್ ಇದ್ದದ್ದು ರೋಮಿನಲ್ಲಲ್ಲ, ಇಂದಿನ ಫ್ರಾನ್ಸಿನ ದಕ್ಷಿಣಕ್ಕಿರುವ ಅವಿನ್ಯೋನ್ ಊರಿನಲ್ಲಿ. ಆರನೇ ಕ್ಲೆಮೆಂಟ್ ಅಂತ. ಒಳ್ಳೆ ಶೋಕಿ ಮನುಷ್ಯ. 1348ರಲ್ಲಿ, ಸುತ್ತಲೂ ಜನ ಸಾಯುತ್ತಿರುವಾಗಲೇ, ಆ ಊರನ್ನು 80,000 ಫ್ಲಾರಿನ್, ಅಂದರೆ ಚಿನ್ನದ ನಾಣ್ಯ ಕೊಟ್ಟು ಕೊಂಡುಕೊಂಡರು. ಹೆಣ ಹೂಳಲು ಜಾಗ ಸಾಲದೆ ರೋನ್ ನದಿಯನ್ನೇ ಪವಿತ್ರ ಮಾಡಿ, ಹೆಣಗಳನ್ನು ನೀರಿಗೆ ಬಿಡಲು ಒಪ್ಪಿಗೆ ಕೊಟ್ಟರು ಅನ್ನುತ್ತಾರೆ. ಅವರ ವೈದ್ಯ ಗಿ ದ ಶೋಲಿಯಾಕ್. ಕೆಟ್ಟ ಗಾಳಿಯಿಂದ ರೋಗ ಬರುತ್ತದೆ, ಬೆಂಕಿ ಗಾಳಿಯನ್ನು ಶುದ್ಧ ಮಾಡುತ್ತದೆ ಅನ್ನುವುದು ಆಗಿನ ವೈದ್ಯರ ಲೆಕ್ಕ. ಹಾಗಾಗಿ ಪೋಪ್ ಆಚೆಗೊಂದು ಈಚೆಗೊಂದು ದೊಡ್ಡ ಬೆಂಕಿ ಹಾಕಿಸಿಕೊಂಡು ನಡುವೆ ಕೂತರು. ಅದೂ ಬೇಸಿಗೆಯಲ್ಲಿ! ಬೆವರು ಸುರಿಸುತ್ತಾ, ಯಾರನ್ನೂ ಹತ್ತಿರ ಬಿಡದೆ. ಪೋಪ್ ಬದುಕಿದರು. ಅಷ್ಟು ಬೆಂಕಿಯ ನಡುವೆ ಇಲಿಯೂ ಬಂದಿರಲಾರದು, ಚಿಗಟವೂ ಬಂದಿರಲಾರದು. ಕಾರಣ ತಪ್ಪು, ಕೆಲಸ ಸರಿ!

ಗಿ ಸಾಹೇಬರ ಕಥೆ ಇನ್ನೂ ಚೆನ್ನಾಗಿದೆ. ಬೇರೆ ವೈದ್ಯರು ಊರು ಬಿಟ್ಟು ಓಡಿದರು. ಇವರು ಓಡಲಿಲ್ಲ. ಧೈರ್ಯ ಇತ್ತು ಅಂತಲ್ಲ, ಓಡಿದರೆ ಮಾನ ಹೋಗುತ್ತದೆ ಅನ್ನುವ ಭಯಕ್ಕೆ ಉಳಿದೆ ಅಂತ ತಾವೇ ಬರೆದಿದ್ದಾರೆ. ರೋಗ ಎರಡು ಥರ ಅಂತಲೂ ಗುರುತಿಸಿದರು. ರಕ್ತ ಉಗುಳಿದವರು ಮೂರು ದಿನದಲ್ಲಿ ಹೋಗುತ್ತಾರೆ, ಗೆಡ್ಡೆ ಎದ್ದವರು ಐದು ದಿನದಲ್ಲಿ. ಕೊನೆಗೆ ಅವರಿಗೇ ತೊಡೆಸಂದಿಯಲ್ಲಿ ಗೆಡ್ಡೆ ಎದ್ದಿತು. ವಾರಗಟ್ಟಲೆ ಮಲಗಿ ಬದುಕಿಬಂದರು. ಇಷ್ಟು ಚುರುಕು ಕಣ್ಣಿನ ಮನುಷ್ಯ ರೋಗಕ್ಕೆ ಏನು ಕಾರಣ ಕೊಟ್ಟರು ಗೊತ್ತೇ? ಶನಿ, ಗುರು, ಕುಜ ಮೂರೂ ಕುಂಭರಾಶಿಯಲ್ಲಿ ಕೂಡಿದ್ದು, 1345ರ ಮಾರ್ಚಿನಲ್ಲಿ. ಪ್ಯಾರಿಸ್ಸಿನ ವೈದ್ಯ ಪಂಡಿತರೂ ರಾಜನಿಗೆ ಇದನ್ನೇ ಬರೆದುಕೊಟ್ಟರು. ಪಂಚಾಂಗ ನೋಡಿ ಮನೆಯಿಂದ ಹೊರಡುವ ನಮಗೆ ಇದರಲ್ಲಿ ನಗುವಂಥದ್ದೇನೂ ಇಲ್ಲ, ಅಲ್ವಾ?

ಇಂಥ ವೈದ್ಯನನ್ನು ಬರೆಯಿರಿ. ಇವನು ದಡ್ಡನಲ್ಲ. ಇವನ ಬುದ್ಧಿಯೆಲ್ಲ ಗ್ರಹಗಳ ಕಡೆ ಇದೆ, ಕಾಲಬುಡದಲ್ಲಿ ಇಲಿ ಓಡಾಡುತ್ತಿದೆ. ಓದುಗರಿಗೆ ಅದು ಕಾಣಬೇಕು, ಅವನಿಗೆ ಕಾಣಬಾರದು.

ಇದನ್ನು ನಮ್ಮಲ್ಲಿ ಮಾಡಿ ತೋರಿಸಿದವರು ಅನಂತಮೂರ್ತಿ. ‘ಸಂಸ್ಕಾರ’ ಮಧ್ಯಯುಗದ ಕಥೆಯಲ್ಲ, ಒಪ್ಪಿದೆ. ಆದರೆ ನಾರಣಪ್ಪ ಶಿವಮೊಗ್ಗೆಗೆ ಹೋಗಿ ಬಂದು ಜ್ವರದಲ್ಲಿ ಸಾಯುತ್ತಾನೆ. ಇಲಿಗಳು ಹೊರಗೆ ಬಂದು ಬಿದ್ದು ಸಾಯುತ್ತವೆ, ಮನೆಗಳ ಮೇಲೆ ಹದ್ದುಗಳು ಬಂದು ಕೂರುತ್ತವೆ. ಅಗ್ರಹಾರದವರು ಹೆಣದ ಸಂಸ್ಕಾರ ಯಾರು ಮಾಡಬೇಕು ಅಂತ ವಾದ ಮಾಡುತ್ತಾ ಕೂತಿದ್ದಾರೆ. ನಮಗೆ ಮೈ ಜುಮ್ಮೆನ್ನುತ್ತದೆ.

ಗಾಜಿನ ಆಚೆಯಿಂದ ಕೈಸನ್ನೆ ಬಂತು. ಇನ್ನೆರಡು ಮಾತು ಬೇಗ ಹೇಳಿಬಿಡುತ್ತೇನೆ.

ಒಂದು, ಗೊತ್ತಿಲ್ಲದಿರುವುದು ಜನರನ್ನು ಕೊಂದಿತು. ಯೆಹೂದಿಗಳು ಬಾವಿಗೆ ವಿಷ ಹಾಕಿದರು ಅನ್ನುವ ಸುಳ್ಳನ್ನು ನಂಬಿ, 1349ರ ಫೆಬ್ರವರಿಯಲ್ಲಿ ಸ್ಟ್ರಾಸ್‌ಬರ್ಗ್‌ನಲ್ಲಿ ಅವರನ್ನು ಸುಟ್ಟರು. ಆಗಿನ್ನೂ ಆ ಊರಿಗೆ ಪ್ಲೇಗ್ ಬಂದೇ ಇರಲಿಲ್ಲ. ಪ್ಲೇಗ್ ಬಂದ ಕಡೆ ಯೆಹೂದಿಗಳೂ ಇದೇ ರೋಗಕ್ಕೆ ಸಾಯುತ್ತಿದ್ದಾರಲ್ಲ ಅಂತ ಕೇಳಿದವರು ಅದೇ ಕ್ಲೆಮೆಂಟ್.

ಇನ್ನೊಂದು, ಪ್ಲೇಗ್ ಇಳಿದ ಮೇಲೂ ಕಥೆ ಇದೆ. ಕೆಲಸಕ್ಕೆ ಆಳು ಸಿಗದೆ ಕೂಲಿ ಏರಿತು. 1351ರಲ್ಲಿ ಇಂಗ್ಲೆಂಡಿನಲ್ಲಿ ಕಾನೂನು ಮಾಡಿ, ಹಳೆ ಕೂಲಿಗೇ ದುಡಿಯಿರಿ ಅಂದರು. ಆಳುಗಳು ಕೇಳಲಿಲ್ಲ, ಜಾಸ್ತಿ ಕೊಡುವ ಊರಿಗೆ ಹೊರಟುಬಿಟ್ಟರು. ಹೆಣಗಳನ್ನು ಎಣಿಸಿದ್ದು ಸಾಕು, ಹಾಗೆ ಹೊರಟ ಒಬ್ಬ ಆಳಿನ ಮೇಲೆ ಕನ್ನಡದಲ್ಲಿ ಯಾರಾದರೂ ಒಂದು ಕಾದಂಬರಿ ಬರೆಯಿರಿ. ಅವನಿಗೂ ಇಲಿಯ ವಿಷಯ ಗೊತ್ತಿರಕೂಡದು, ನೆನಪಿರಲಿ. ನಮಸ್ಕಾರ.